ಭಾವನ ‘ಇಂದು ಬೆಳಿಗ್ಗೆ’

ಕಿರಾಣಿ ಅಂಗಡಿಯವನು ಇವತ್ತಿಗೂ ನನ್ನ ಮುಖ ಕಂಡರೆ ತಕ್ಕಡಿ ಕಡೆ ತಿರುಗಿಕೊಳ್ಳುತ್ತಾನೆ. “ನನಗೆ ಬಂದಿದ್ದನ್ನ ನಾನು ಮುಂದಕ್ಕೆ ಕಳಿಸಿದೆ, ನನ್ನ ತಪ್ಪೇನು?” ಅಂದನಲ್ಲ, ಆ ಮಾತು ಮುಳ್ಳಿನ ಹಾಗೆ ಚುಚ್ಚಿಕೊಂಡಿದೆ. ಸತ್ತರೂ ಅವನ ಹತ್ತಿರ ಉಪ್ಪು ಕೊಳ್ಳುವುದಿಲ್ಲ.

ಹೇಳಬೇಕಾಗಿರುವುದು ನನ್ನ ಭಾವನ ವಿಷಯ. ಅಕ್ಕನ ಗಂಡ. ಊರಿನವರ ಬಾಯಲ್ಲಿ ಆತ ‘ಗಂಟಲು’. ನನ್ನ ಆಟೋ ಮೇಲೆ ಮೈಕಿನ ಹಾರ್ನ್ ಕಟ್ಟಿಕೊಂಡು ನಾವಿಬ್ಬರೂ ಬೀದಿ ಬೀದಿ ಸುತ್ತುತ್ತಿದ್ದೆವು. ಕರೆಂಟ್ ಹೋಗುತ್ತದೆ, ಬಟ್ಟೆ ಅಂಗಡಿ ತೆರೆದಿದೆ, ಹೀಗೆ ಏನೇನೋ. ನಾಳೆ ನೀರಿಲ್ಲ ಎಂದು ಭಾವ ಹೇಳಿದರೆ ಸಾಕು, ಬೀದಿಯ ಕೊಡಗಳೆಲ್ಲ ಅವತ್ತೇ ತುಂಬುತ್ತಿದ್ದವು. ಮನೆಯಲ್ಲಿ ಮಾತ್ರ ಮೂಗ. “ನನ್ನ ಹತ್ರ ಮಾತಾಡಕ್ಕೂ ಮೈಕ್ ಬೇಕೇನ್ರೀ?” ಎಂದು ಅಕ್ಕ ಕಾಲೆಳೆಯುತ್ತಿದ್ದಳು.

ಬೀದಿಯ ಸದ್ದು ಸೇರಬಾರದೆಂದು ಆತ ಹಿಂದಿನ ಕೋಣೆಯಲ್ಲಿ ತಲೆ ಮೇಲೆ ಕಂಬಳಿ ಹೊದ್ದು ಒಂದು ಸಲ ರೆಕಾರ್ಡ್ ಮಾಡುತ್ತಿದ್ದ. ದಿನವೆಲ್ಲ ಅದೇ ತಿರುಗುತ್ತಿತ್ತು. ತಾರೀಕು ಹೇಳುವ ಅಭ್ಯಾಸ ನಮ್ಮ ಕಸುಬಿನಲ್ಲಿಲ್ಲ. ‘ಇಂದು ಬೆಳಿಗ್ಗೆ’, ‘ನಾಳೆ ಸಂಜೆ’ ಅಂದರೆ ಮುಗಿಯಿತು. ಮಲಗುವ ಹೊತ್ತಿಗೆ ಅಳಿಸಿಹಾಕುವ ಮಾತಿಗೆ ತಾರೀಕು ಯಾಕೆ?

ಹಿಂದೊಮ್ಮೆ ಟೈಲರ್ ಮಗಳು ಕಾಣದೆ ಹೋದಾಗ ಭಾವ ಹೇಳಿದ್ದ: “ಇಂದು ಬೆಳಿಗ್ಗೆಯಿಂದ ಹೆಣ್ಣು ಮಗುವೊಂದು ಕಾಣೆಯಾಗಿದೆ. ಅಪರಿಚಿತರು ಕಂಡುಬಂದರೆ ಎಚ್ಚರದಿಂದಿರಿ.” ಆ ಪುಟಾಣಿ ಅಪ್ಪನ ಮೇಜಿನ ಕೆಳಗೆ ಬಟ್ಟೆ ಚೂರುಗಳ ರಾಶಿಯಲ್ಲಿ ಗೊರಕೆ ಹೊಡೆಯುತ್ತಿತ್ತು. ಎಲ್ಲರೂ ನಕ್ಕು ಮರೆತರು. ಆದರೆ ಯಾರೋ ಪುಣ್ಯಾತ್ಮರು ಅದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದರು.

ಹೋದ ವರ್ಷ ಆ ರೆಕಾರ್ಡು ಫೋನುಗಳಲ್ಲಿ ಎದ್ದು ಬಂತು. ಜೊತೆಗೆ ಎಲ್ಲಿಯದೋ ಮಕ್ಕಳ ಫೋಟೋ, ಕೆಳಗೆ ಬರಹ: ‘ಪೇಪರಿನವರು ಇದನ್ನು ಹಾಕುವುದಿಲ್ಲ. ಪೊಲೀಸರಿಗೂ ಪಾಲಿದೆ. ಅಳಿಸಿಹಾಕುವ ಮೊದಲು ನಿಮ್ಮವರಿಗೆಲ್ಲ ಕಳಿಸಿ.’ ನಮ್ಮ ಬಡಾವಣೆಗೆ ಕಳಿಸಿದವನು ಕಿರಾಣಿಯವನು. ಯಾರು ಯಾವತ್ತು ಕೇಳಿದರೂ ಅವರಿಗೆ ಅದು ಅವತ್ತಿನ ಬೆಳಿಗ್ಗೆಯೇ.

ಅದೇ ಹೊತ್ತಿಗೆ ಬಕೆಟ್ ಮಾರುವ ಹೆಂಗಸು ಬೀದಿಗೆ ಬಂದಿದ್ದಾಳೆ. ಅಳುತ್ತಿದ್ದ ಕೂಸಿನ ಕೈಗೆ ಆಡಲು ಒಂದು ಮುಚ್ಚಳ ಕೊಟ್ಟಿದ್ದಾಳೆ. ಅಷ್ಟೇ ಸಾಕಾಯಿತು. ಮಕ್ಕಳ ಕಳ್ಳಿ ಎಂದು ಜನ ಮುಗಿಬಿದ್ದರು. ಪೊಲೀಸರು ಬಿಡಿಸಿಕೊಳ್ಳುವಷ್ಟರಲ್ಲಿ ಅವಳ ಕೈ ಮುರಿದಿತ್ತು. ವಿಚಾರಿಸಿ, ಏನೂ ಇಲ್ಲವೆಂದು ಅವರು ಬಿಟ್ಟರು. ಊರಿನವರು ಬಿಡಲಿಲ್ಲ.

ಕೈಗೆ ಪಟ್ಟಿ ಕಟ್ಟಿಕೊಂಡು ಆಕೆ ಭಾವನ ಮನೆಗೇ ಬಂದಳು. ಬೈಯಲಿಲ್ಲ.

“ಅಣ್ಣಾ, ನಿಮ್ಮ ಮಾತು ಕೇಳೇ ಹೊಡೆದ್ರಂತೆ. ನಿಮ್ಮ ಬಾಯಿಂದಾನೇ ಹೇಳಿ, ನಾನು ಕಳ್ಳಿ ಅಲ್ಲ ಅಂತ. ಯಾರೂ ಬಾಗಿಲು ತೆಗೀತಿಲ್ಲ.”

“ಒಂದು ಬೀದಿ ಬಿಡದೆ ಹೇಳ್ತೀನಿ ತಾಯಿ,” ಅಂದ ಭಾವ.

ಮರುದಿನ ಹೊರಟೆವು. ಆತ ರೆಕಾರ್ಡ್ ಮಾಡಲಿಲ್ಲ. ಮೈಕ್ ಹಿಡಿದು ಬಾಯಾರೆ ಹೇಳಿದ. ಈ ಸಲ ತಾರೀಕನ್ನೂ ಸೇರಿಸಿದ. ಕಿರಾಣಿ ಅಂಗಡಿ ಮುಂದೆ ಜನ ಸೇರಿದರು.

“ಹಂಗಾದ್ರೆ ಇದು ಯಾರ ದನಿ, ನಿಮ್ಮ ತಾತಂದಾ?” ಕಿರಾಣಿಯವನು ಫೋನ್ ಎತ್ತಿ ಹಿಡಿದ.

“ಅದು ಹಳೇದು ಕಣ್ರೀ.”

“ಇಂದು ಬೆಳಿಗ್ಗೆ ಅಂತ ನೀವೇ ಹೇಳ್ತಿದೀರಲ್ಲ!”

ಹಿಂದಿನಿಂದ ಒಬ್ಬ ಅಜ್ಜಿ ಲೊಚಗುಟ್ಟಿದಳು. “ಬಿಡ್ರಪ್ಪಾ, ಪಾಪ. ಯಾರೋ ಹೆದರಿಸಿದಾರೆ. ಇಲ್ದಿದ್ರೆ ಇಂಥಾ ಮನುಷ್ಯ ಮಾತು ಬದಲಾಯಿಸ್ತಾನಾ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಕನಿಕರಕ್ಕೆ ಏನು ಉತ್ತರ ಕೊಡಲಿ? ಆಟೋದಿಂದ ಹಾರಿ ಕಿರಾಣಿಯವನ ಕೊರಳಪಟ್ಟಿ ಹಿಡಿದೆ. ಸಂಜೆಗೆ ಅದೂ ಎಲ್ಲರ ಫೋನಿನಲ್ಲಿತ್ತು: ‘ಸತ್ಯ ಹೇಳಿದ ವ್ಯಾಪಾರಿಯ ಮೇಲೆ ಹಲ್ಲೆ.’

ಜನ ನಮ್ಮಿಬ್ಬರನ್ನು ಬಿಡಿಸಿದ ಮೇಲೆ ಭಾವ ಅಲ್ಲೇ ಇನ್ನೊಂದು ಸಲ ಬಾಯಿ ತೆರೆದ. ಅಷ್ಟರಲ್ಲಿ ಅಲ್ಲೊಂದು ಇಲ್ಲೊಂದು ಫೋನು ಆತನದೇ ದನಿಯಲ್ಲಿ ಮಾತಾಡತೊಡಗಿತು. ಆತ ಅರ್ಧದಲ್ಲೇ ನಿಲ್ಲಿಸಿ, ತಲೆ ಓರೆ ಮಾಡಿ ಕೇಳಿಸಿಕೊಂಡ.

“ಇದಕ್ಕಿಂತ ಅದನ್ನೇ ಚೆನ್ನಾಗಿ ಹೇಳಿದೀನಿ ಕಣೋ,” ಎಂದು ಸ್ವಿಚ್ ಆರಿಸಿದ. “ನಡಿ ಮನೆಗೆ.”

ಆಮೇಲೆ ಮೈಕ್ ಮುಟ್ಟಲಿಲ್ಲ. ಈಗ ಪಾತ್ರೆ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆ ಕಟ್ಟುತ್ತಾನೆ. ನೀರಿನ ಸುದ್ದಿ ಹೇಳಲು ಬೇರೆ ಯಾರೋ ಬರುತ್ತಾರೆ.

ಮೊನ್ನೆ ನಮ್ಮ ಬೀದಿಯ ತಿರುವಿನಲ್ಲಿ ಆ ಹೆಂಗಸು ಸಿಕ್ಕಳು. ಬೀದಿಯೊಳಗೆ ಕಾಲಿಟ್ಟಿರಲಿಲ್ಲ. ಮುರಿದಿದ್ದ ಕೈ ಸೊಟ್ಟಗೆ ಕೂಡಿಕೊಂಡಿತ್ತು.

“ಅಣ್ಣ ಎಲ್ಲಾ ಕಡೆ ಹೇಳಿದ್ರಾ?”

ಮುಖ ತಪ್ಪಿಸಿ, ಕೆಳಗಿದ್ದ ಬಕೆಟ್ಟುಗಳನ್ನು ಎತ್ತಿಕೊಡಲು ಬಗ್ಗಿದೆ.

“ಪುರುಸೊತ್ತಾದಾಗ ಹೇಳಕ್ಕೆ ಹೇಳಿ. ನಾನು ಕಾಯ್ತೀನಿ,” ಎಂದು ಒಂದೇ ಕೈಯಲ್ಲಿ ಬಕೆಟ್ಟುಗಳನ್ನು ತಲೆಗೇರಿಸಿಕೊಂಡು ಹೊರಟಳು. ಭಾವ ಅವಳಿಗೆ ಕೊಟ್ಟ ಮಾತು ಬಾಕಿಯೇ ಉಳಿದಿದೆ. ನೆನಪಿಸಿದರೆ ಆತ ಗೋಡೆ ಕಡೆ ತಿರುಗಿ ಮಲಗುತ್ತಾನೆ. ಆತನ ಬದಲು ನಾನು ತೀರಿಸೋಣವೆಂದರೆ, ನನ್ನ ದನಿಯನ್ನು ಯಾರು ಕೇಳುತ್ತಾರೆ?