ಅಜ್ಜನ ಮಾತಿಗೆ ನಾನು ಹಾಕಿದ ಬೀಗ

ಪೆನ್‌ಡ್ರೈವ್ ಹಾಕಿದಾಗ ಕಡತದ ಹೆಸರು ಕಾಣಿಸಿತು, ಆದರೆ ಅದು ತೆರೆಯಲಿಲ್ಲ. ಹಳೆಯ ಕಚೇರಿಯ ಇಮೇಲ್, ಪಾಸ್‌ವರ್ಡ್ ಕೇಳಿತು. ಕೊಟ್ಟೆ. ಅಂಥ ಖಾತೆಯೇ ಇಲ್ಲ ಎಂದಿತು. ಮಹಾಂತೇಶ ನಗರದ ಮನೆಯಲ್ಲಿ ಕುಳಿತು ಅದೇ ಅಕ್ಷರಗಳನ್ನು ಮತ್ತೆ ಮತ್ತೆ ಒತ್ತಿದೆ. ತಪ್ಪು ನನ್ನ ಬೆರಳಿನದಾಗಿರಲಿ ಎಂದು ಬೇಡಿಕೊಂಡಂತೆ ಒತ್ತಿದೆ.

ಅದರೊಳಗೆ ಗುಂಜಿ ಕಡೆಯ ಒಬ್ಬ ಕುರುಬ ಅಜ್ಜನ ಮಾತು ಇತ್ತು. ಕಾಡಿನಂಚಿನ ಜಮೀನಿಗೆ ಹಕ್ಕು ಕೇಳುವವರು ತಮ್ಮ ಮನೆತನ ಮೂರು ತಲೆಮಾರಿನಿಂದ ಅಲ್ಲಿದೆಯೆಂದು ತೋರಿಸಬೇಕು. ಕಾಗದವಿಲ್ಲದವರಿಗೆ ಹಿರಿಯರ ಹೇಳಿಕೆಯೇ ಆಧಾರ. ಟಿಳಕವಾಡಿಯ ಒಂದು ಸಂಸ್ಥೆಯಲ್ಲಿ ಅಂಥ ಹೇಳಿಕೆಗಳನ್ನು ದಾಖಲಿಸುವುದು ನನ್ನ ಕೆಲಸವಾಗಿತ್ತು. ಅಜ್ಜ ಕುಳಿತು ಹೇಳುವವರಲ್ಲ. ಕುರಿ ಮೇಯುವ ದಾರಿಯಲ್ಲೇ ನಡೆಯಬೇಕು, ಆಯಾ ಜಾಗ ಬಂದಾಗ ನಿಂತು ಅಲ್ಲಿಯ ಸಂಗತಿ ಹೇಳಬೇಕು. ನಾನು ಫೋನು ಹಿಡಿದು ಹಿಂದೆ ನಡೆದಿದ್ದೆ. ಕೊನೆಗೆ ಅವರು ಕೇಳಿದ್ದು ಒಂದೇ: “ಇದು ಫಾರೆಸ್ಟಿನವರ ಕೈಗೆ ಸಿಗಬಾರದು ನೋಡವಾ.” ಹಾಗಾಗಿ ಧ್ವನಿಮುದ್ರಣವನ್ನು ಕಚೇರಿಯ ಕಂಪ್ಯೂಟರಿಗೆ ಹಾಕಿ, ಫೋನಿನಿಂದ ಅಳಿಸಿ, ಕಡತವನ್ನು ನನ್ನ ಖಾತೆಯಿಂದ ಹೊರತು ಯಾರೂ ತೆರೆಯದಂತೆ ರಕ್ಷಿಸಿಟ್ಟೆ. ಬರಹಕ್ಕಿಳಿಸಿ, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕೆನ್ನುವಷ್ಟರಲ್ಲಿ ಅಜ್ಜ ತೀರಿಕೊಂಡರು. ನಾನೂ ಬೇರೆ ಕೆಲಸಕ್ಕೆ ಸೇರಿದೆ. ಬಿಡುವಾಗ ಅನುಮತಿ ಕೇಳಿಯೇ ಒಂದು ಪ್ರತಿ ತಂದಿದ್ದೆ. ಪ್ರತಿಯ ಜೊತೆ ಬೀಗವೂ ಬರುತ್ತದೆಂದು ಹೊಳೆದಿರಲಿಲ್ಲ.

ಈಗ ಆ ಮನೆಯಲ್ಲಿ ಒಬ್ಬರೇ ಉಳಿದಿದ್ದ ಅಜ್ಜನ ಸೊಸೆ ಫೋನು ಮಾಡಿದ್ದರು. ಸೋಮವಾರ ಖಾನಾಪುರದಲ್ಲಿ ಅಜ್ಜನ ಅರ್ಜಿಯ ವಿಚಾರಣೆ. “ನಮ್ಮ ಮಾವ ಹೇಳಿದ್ದು ನಿಮ್ಮ ಕಡೆ ಐತಲ್ಲರಿ ಅಕ್ಕಾರ?” ಐತಿ ಎಂದಿದ್ದೆ, ನೋಡದೆಯೇ.

ಹಳೆಯ ಕಚೇರಿಗೆ ಓಡಿದೆ. ಕಂಪ್ಯೂಟರ್ ನೋಡಿಕೊಳ್ಳುವವರು ಪರಿಚಯದವರು. ಬಹಳ ಹೊತ್ತು ಪ್ರಯತ್ನಿಸಿ ಕುರ್ಚಿಗೆ ಒರಗಿದರು.

“ಕೀಲಿ ನಿಮ್ಮ ಖಾತೆಗೆ ಜೋಡಿಸಿದ್ರಿ ಮೇಡಂ. ಖಾತೆ ಅಳಿಸೇವಿ. ಕೀಲಿನೂ ಅದರ ಜೋಡಿನ ಹೋತು.”

“ಬ್ಯಾರೆ ದಾರಿ ಇಲ್ಲೇನ್ರಿ?”

“ಇದ್ರ ಹೇಳತಿದ್ದಿಲ್ಲೇನು? ಉಳದವರೆಲ್ಲ ಪಾಸ್‌ವರ್ಡ್ ಚೀಟಿ ಬರದು ಮಾನಿಟರಿಗೆ ಅಂಟಿಸಿರ್ತಾರ. ನೀವೊಬ್ಬರ ನೋಡ್ರಿ, ಹೇಳಿದಂಗ ಕೇಳಿದವರು.” ಚಹಾ ತರಿಸಿದರು. ನನಗೆ ಕುಡಿಯಲಾಗಲಿಲ್ಲ.

ಮನೆಗೆ ಬಂದು ಡೈರಿ ತೆಗೆದೆ. ಆ ದಿನದ ಪುಟದಲ್ಲಿ ಆಡಿನ ಹಾಲಿನ ಚಹಾ, ಕಾಲಿಗೆ ಹತ್ತಿ ರಕ್ತ ಹೀರಿದ ಉಂಬಳ, ತಪ್ಪಿಹೋದ ರೈಲು ಇಷ್ಟೇ ಇದ್ದವು. ಮುಖ್ಯವಾದದ್ದು ಫೋನಿನಲ್ಲಿದೆಯಲ್ಲ ಎಂದು ಅದನ್ನು ಬರೆದಿರಲಿಲ್ಲ.

ನನಗೆ ನೆನಪಿರುವುದು ಇದು: ಮತ್ತಿ ಮರದ ಹತ್ತಿರದ ಕಲ್ಲಿನ ಕುರಿದೊಡ್ಡಿಯ ಮುಂದೆ ಕೋಲು ಊರಿ ಅಜ್ಜ ನಿಂತರು, ಕಟ್ಟಿದ್ದು ಯಾರೆಂದು ಹೇಳಿದರು. ಅವರ ಅಜ್ಜನೋ, ಅಪ್ಪನೋ? ಅಜ್ಜನಾದರೆ ಅರ್ಜಿ ಹಾಕಿದವರಿಗೆ ಮೂರು ತಲೆಮಾರು, ಆಧಾರ ಗಟ್ಟಿ; ಅಪ್ಪನಾದರೆ ಎರಡೇ, ಸಾಲದು. ಒಮ್ಮೊಮ್ಮೆ ‘ನಮ್ಮಜ್ಜ’ ಎನ್ನುವ ಧ್ವನಿ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಅದು ಕೇಳತೊಡಗಿದ್ದು ನನಗೆ ಬೇಕಾದ ಮೇಲೆ. ಅದಕ್ಕೇ ನಾನದನ್ನು ನಂಬಲಿಲ್ಲ.

ಶನಿವಾರ ಗುಂಜಿಗೆ ಹೋಗಿ ಸೊಸೆಗೆ ಎಲ್ಲ ಹೇಳಿದೆ. ಅವರನ್ನು ನಾನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದೆ. ಅವರು ಕುರಿಗೆ ನೀರು ಹಾಕುತ್ತಲೇ ಕೇಳಿಸಿಕೊಂಡರು.

“ಕೀಲಿ ಹಾಕಿದವರು ನೀವು, ತಗೀಲಿಕ್ಕೆ ಬರಲಾರದವರೂ ನೀವು. ಛಲೋ ಆತು.”

“ವೈನಿ, ದೊಡ್ಡಿ ಬಗ್ಗೆ ನಿಮಗ ಏನರೆ ಹೇಳಿದ್ರೇನು ಅಜ್ಜಾರು?”

“ನಾ ಬಂದಾಗ ದೊಡ್ಡಿ ಇತ್ತು. ಅದರ ಹಿಂದಿಂದು ಸೊಸಿ ಮುಂದ ಯಾರ್ ಹೇಳ್ತಾರ್ರಿ? ನಿಮಗ ಹೇಳಿದ್ರು. ಬರ್ರಿ, ನಡದು ನೋಡೂಣು. ನಡದ್ರ ನೆನಪಾದೀತು.”

ಇಬ್ಬರೂ ಅದೇ ದಾರಿಯಲ್ಲಿ ನಡೆದೆವು. ದೊಡ್ಡಿಯ ಗೋಡೆ ಒಂದು ಕಡೆ ಕುಸಿದಿತ್ತು. ಅಜ್ಜ ನಿಂತ ಜಾಗದಲ್ಲಿ ಅವರು ನಿಂತರು, ನಾನು ಹಿಂದೆ ನಿಂತೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅಂದು ನಾನು ನೋಡುತ್ತಿದ್ದದ್ದು ಅಜ್ಜನನ್ನಲ್ಲ, ಫೋನಿನಲ್ಲಿ ಉಳಿದ ಚಾರ್ಜನ್ನು. ಅದೊಂದು ಮಾತ್ರ ಚೆನ್ನಾಗಿ ನೆನಪಾಯಿತು.

“ಬಂತೇನ್ರಿ?”

“ಇಲ್ಲ ವೈನಿ.”

“ಇನ್ನ ಸ್ವಲ್ಪ ನಿಂದರೂಣು.”

ನಿಂತೆವು. ಏನೂ ಬರಲಿಲ್ಲ.

ಸೋಮವಾರ ಖಾನಾಪುರದಲ್ಲಿ ನಮ್ಮ ಸರದಿ ಮಧ್ಯಾಹ್ನ ಬಂತು. ಅಧಿಕಾರಿ ಸಮಾಧಾನದವರು, ನನ್ನನ್ನೂ ಕೂರಿಸಿ ಕೇಳಿದರು.

“ದೊಡ್ಡಿ ತಮ್ಮ ಅಜ್ಜನ ಕಾಲದ್ದು ಅಂತ ಹಿರೇರು ನಿಮ್ಮ ಮುಂದ ಹೇಳಿದ್ರೇನ್ರಿ?”

ಪಕ್ಕದಲ್ಲಿ ಕುಳಿತ ವೈನಿ ನೆಲ ನೋಡುತ್ತಿದ್ದರು.

“ಹೇಳಿದ್ರು ಅಂತ ನನಗ ಅನಸ್ತದರಿ.”

“ಅನಸೂದು ಬರಕೊಳ್ಳಾಕ ಬರೂದಿಲ್ರಿ. ಹೇಳಿದ್ರೋ, ಇಲ್ಲೋ?”

ಖಚಿತವಿಲ್ಲ ಎಂದೆ. ಅವರು ಅದನ್ನೇ ಬರೆದುಕೊಂಡು, ಬೇರೆ ಆಧಾರವಿದ್ದರೆ ತನ್ನಿ ಎಂದು ಫೈಲು ಮುಚ್ಚಿದರು. ಬೇರೆ ಆಧಾರ ಇಲ್ಲವೆಂಬುದು ಅವರಿಗೂ ಗೊತ್ತಿದ್ದಿರಬೇಕು.

ಬಸ್‌ಸ್ಟ್ಯಾಂಡಿನವರೆಗೆ ವೈನಿ ನನಗಿಂತ ಮುಂದೆ ನಡೆದರು. ಕಟ್ಟೆಯ ಮೇಲೆ ಕುಳಿತು, ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು: “ಹೌದು ಅಂದಿದ್ರ ನಿಮ್ಮದೇನ್ ಹೋಗತಿತ್ರಿ ಅಕ್ಕಾರ?”

ನನ್ನದೇನೂ ಹೋಗುತ್ತಿರಲಿಲ್ಲ. ಸುಳ್ಳು ಹೇಳಬಾರದೆಂದು ನಾನು ಖಚಿತವಿಲ್ಲ ಎಂದೆನೋ, ಮುಂದೆ ಯಾರಾದರೂ ಕೇಳಿದರೆ ಸಿಕ್ಕಿಬೀಳಬಾರದೆಂದೋ? ಇಂದಿಗೂ ತಿಳಿಯದು. ಅಜ್ಜ ಅಂದು ‘ನಮ್ಮಜ್ಜ’ ಎಂದೇ ಹೇಳಿದ್ದರೆ, ಆ ಕುರ್ಚಿಯಲ್ಲಿ ಕುಳಿತು ಅವರ ಮಾತನ್ನು ಇಲ್ಲವಾಗಿಸಿದವಳು ನಾನು. ಹೇಳಿದ್ದರೋ ಇಲ್ಲವೋ, ನನಗೆ ತಿಳಿಯುವ ದಾರಿಯಿಲ್ಲ.

ಬಸ್ಸು ಬಂತು. ಕುರಿ ಕಟ್ಟುವ ಹೊತ್ತಾಯಿತೆಂದು ಅವರು ಎದ್ದರು. ನಾನು ಅವರ ಕೈ ಹಿಡಿಯಲು ಹೋದೆ. ಅವರು ಚೀಲವನ್ನು ಆ ಕೈಗೆ ಬದಲಾಯಿಸಿಕೊಂಡು ಹತ್ತಿದರು.