ನಾಮದಕೋಳಿಯ ಸಾರು

ಹಕ್ಕಿ ನೋಡುವ ಗುಂಪಿಗೆ ಸೇರಿದ ಮೊದಲ ದಿನವೇ ನಾನು ಎಲ್ಲರಿಗೂ ನನ್ನ ಬಾಲ್ಯದ ಕಥೆ ಹೇಳಿದ್ದೆ. ಅಪ್ಪ ಬೆಳಕು ಹರಿಯುವ ಮೊದಲೇ ಎಬ್ಬಿಸಿ ಕೆರೆ ಏರಿಯ ಮೇಲೆ ಕರೆದುಕೊಂಡು ಹೋಗುತ್ತಿದ್ದರು, ಯಾವ ಹಕ್ಕಿ ಎಲ್ಲಿ ಕೂರುತ್ತದೆ, ಯಾವುದು ಹೇಗೆ ಕೂಗುತ್ತದೆ ಎಂದು ತೋರಿಸುತ್ತಿದ್ದರು, ಈ ಹುಚ್ಚು ಹತ್ತಿದ್ದೇ ಅವರಿಂದ ಎಂದೆಲ್ಲ. ಗುಂಪಿನ ಹಿರಿಯರು, ಬ್ಯಾಂಕಿನಿಂದ ನಿವೃತ್ತರಾದವರು, ಕಣ್ಣು ಮುಚ್ಚಿ ಕೇಳಿಸಿಕೊಂಡು, "ಅಂಥ ತಂದೆ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣಮ್ಮ" ಎಂದರು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಪ್ಪನ ಕೈಯಲ್ಲಿ ಉರುಳು ಇರುತ್ತಿತ್ತು, ನನ್ನ ಕೈಯಲ್ಲಿ ಗೋಣಿಚೀಲ ಇರುತ್ತಿತ್ತು ಎನ್ನುವುದನ್ನು ಮಾತ್ರ ಬಿಟ್ಟಿದ್ದೆ.

ಹೆಬ್ಬಾಳದ ಸುತ್ತಲಿನ ಹಳೇ ಹಳ್ಳಿಯ ಒಕ್ಕಲು ಮನೆ ನಮ್ಮದು. ನಾಟಿಕೋಳಿ ಕೊಯ್ಯುತ್ತಿದ್ದದ್ದು ನೆಂಟರು ಬಂದಾಗ. ಮಿಕ್ಕ ದಿನ ಬಾಯಿಗೆ ರುಚಿ ಬೇಕೆನಿಸಿದರೆ ಕೆರೆಯಿತ್ತು, ಬೇಲಿಯಿತ್ತು, ಉರುಳಿತ್ತು. ಆಗ ಅದನ್ನು ಯಾರೂ ಪಾಪ ಎಂದಿರಲಿಲ್ಲ. ಆದರೆ ಮೊಟ್ಟೆಯ ಹೆಸರೆತ್ತಿದರೇ ಮೂಗು ಮುರಿಯುವ ಈ ಜನರ ಮುಂದೆ ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಅವರಂತೆಯೇ ಮಂಕು ಹಸಿರಿನ ಅಂಗಿ ಹೊಲಿಸಿದೆ, ಅವರಂತೆಯೇ ಟೋಪಿ ಕೊಂಡೆ, ಪಿಸುಗುಟ್ಟಿ ಮಾತಾಡುವುದನ್ನೂ ಕಲಿತೆ. ಅವರ ಮೆಚ್ಚುಗೆ ನನಗೆ ಎಷ್ಟು ಬೇಕಾಗಿತ್ತೆಂದು ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಕಳೆದ ಚಳಿಗಾಲದ ಒಂದು ಭಾನುವಾರ ಚಿಕ್ಕಬಳ್ಳಾಪುರದ ಆಚೆಯ ಕೆರೆಗಳಿಗೆ ಹೋಗುವುದೆಂದಾಯಿತು. ಗುಂಪಿನಲ್ಲಿ ಕೆಲವರು ಬರಲಾಗುವುದಿಲ್ಲ ಎಂದರು. ಉಳಿದವರು ಮೂವರೇ: ಹಿರಿಯರು, ತಣಿಸಂದ್ರದಿಂದ ತನ್ನ ಕಾರು ತರುವ ಒಬ್ಬ ಗೆಳತಿ, ಮತ್ತೆ ನಾನು. ಹಿಂದಿನ ರಾತ್ರಿ ಅಮ್ಮ, "ಕಾರಲ್ಲಿ ಜಾಗ ಐತೆ ಅಂದ್ರೆ ನಾನೂ ಬತ್ತೀನಿ ಕಣೇ. ಈ ಸಂಜಯನಗರದ ಮನೇಲಿ ಗೋಡೆ ನೋಡ್ಕೊಂಡು ಎಷ್ಟು ದಿನ ಅಂತ ಇರ್ಲಿ?" ಎಂದಳು. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಹೊಳೆಯಬೇಕಾಗಿತ್ತು.

ಯಲಹಂಕ ದಾಟುವಾಗ ಮಂಜು ಮುಸುಕಿತ್ತು. ಅಮ್ಮ ಸ್ವೆಟರಿನ ಮೇಲೆ ಶಾಲು ಹೊದ್ದು, ಕಿಟಕಿಗೆ ಮೂಗು ತಾಗಿಸಿ ಕೂತಿದ್ದಳು. ಮೊದಲ ಕೆರೆ ತಲುಪಿದಾಗ ಬಿಸಿಲು ಆಗಷ್ಟೇ ನೀರಿಗೆ ಬೀಳುತ್ತಿತ್ತು. ಹಿರಿಯರು ದೂರದರ್ಶಕವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ನೀರಿನಲ್ಲಿ ಮಂದೆಯಾಗಿ ತೇಲುತ್ತಿದ್ದ ಕರಿ ಹಕ್ಕಿಗಳ ಮೇಲೆ ಹೊಂದಿಸಿ, "ಬನ್ನಿ ಅಮ್ಮ, ಮೊದಲು ನೀವು ನೋಡಿ" ಎಂದು ಪ್ರೀತಿಯಿಂದ ಕರೆದರು.

ಅಮ್ಮ ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದಳು. "ಅಯ್ ಶಿವನೇ, ನಾಮದಕೋಳಿ! ಅಣೆ ಮೇಲೆ ಬಿಳೀ ನಾಮ ನೋಡು. ಇದ್ರ ಸಾರು ಏನು ರುಚಿ ಅಂತೀರ ಸ್ವಾಮಿ! ತೊಗಲು ಸುಲಿದ್ಬಿಡ್ಬೇಕು, ಇಲ್ದಿದ್ರೆ ನಾತ. ಅವರೆಕಾಯಿ ಕಾಲ ಅಲ್ವಾ, ಇದುಕಿದ ಬೇಳೆ ಆಕಿ ಕುದಿಸಿದ್ರೆ ಒಂದು ಮುದ್ದೆ ಉಣ್ಣೋರು ಎರಡು ಉಣ್ತಾರೆ."

ಗೆಳತಿ ಜೋರಾಗಿ ನಕ್ಕಳು. ಹಿರಿಯರು ನಗಲೋ ಬೇಡವೋ ಎಂದು ನೋಡಿ ಅರ್ಧ ನಕ್ಕರು. ನಾನು "ಅಮ್ಮ, ಸುಮ್ನಿರು" ಎಂದೆ. ಹುರುಪಿನಲ್ಲಿದ್ದ ಅಮ್ಮನಿಗೆ ಅದು ಕೇಳಿಸಲೇ ಇಲ್ಲ. ಅಷ್ಟರಲ್ಲಿ ಏರಿಯ ಕೆಳಗಿನ ಜಾಲಿ ಪೊದೆಯಿಂದ ಗೌಜಲಕ್ಕಿ ಕೂಗಿತು. ಹಿರಿಯರು ತುಟಿಯ ಮೇಲೆ ಬೆರಳಿಟ್ಟುಕೊಂಡರು. ಅಮ್ಮ ಮಾತ್ರ ಆ ದನಿ ಬಂದ ಕಡೆ ತಿರುಗಿ ಹಿಗ್ಗಿಹೋದಳು.

"ಕೇಳಿದ್ಯೇನೇ? ನಿಮ್ಮಪ್ಪ ಇದಕ್ಕೇ ಅಲ್ವಾ ಉರುಳು ಒಡ್ತಿದ್ದುದು! ನೀನು ಚೀಲ ಇಡ್ಕೊಂಡು ಇಂದಿಂದೇನೆ ಓಡ್ತಿದ್ದೆ. ಒಂದ್ ದಪ ಚೀಲದಿಂದ ತಪ್ಪಿಸ್ಕೊಂಡು ಓಯ್ತು ಅಂತ ಎಂಗೆ ಅತ್ತಿದ್ದೆ ನೀನು!"

ಹಿರಿಯರು ಬೈನಾಕ್ಯುಲರ್ ಕೆಳಗಿಳಿಸಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಲೆಕ್ಕಾಚಾರವಿತ್ತು. ಕೆರೆಯ ಏರಿ, ನಸುಕು, ಹಕ್ಕಿ ತೋರಿಸುವ ಅಪ್ಪ ಎಲ್ಲವನ್ನೂ ಅವರು ಒಂದೊಂದಾಗಿ ಜೋಡಿಸುತ್ತಿದ್ದರು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಏನಮ್ಮ, ನಿಮ್ಮ ತಂದೆಯವರು..." ಎಂದು ಅವರು ಶುರುಮಾಡಿದರು.

ನಾನು ಅವರನ್ನೂ ಗೆಳತಿಯನ್ನೂ ನಾಲ್ಕು ಹೆಜ್ಜೆ ಪಕ್ಕಕ್ಕೆ ಕರೆದೆ. "ತಪ್ಪು ತಿಳ್ಕೋಬೇಡಿ ಸರ್. ಅಮ್ಮಂಗೆ ಈಚೆಗೆ ಮರೆವು ಶುರುವಾಗಿದೆ. ಯಾರ್ಯಾರದೋ ಕಥೇನ ನಮ್ಮದೇ ಅಂತ ಹೇಳ್ಬಿಡ್ತಾರೆ. ಏನ್ ಮಾಡೋದು, ವಯಸ್ಸಾಯ್ತು."

ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಆ ಸುಳ್ಳು ಬಾಯಿಯಲ್ಲೇ ಸಿದ್ಧವಾಗಿ ಕೂತಿತ್ತೇನೋ ಅನ್ನುವಷ್ಟು ಸರಾಗವಾಗಿ ಬಂತು. ಇಬ್ಬರ ಮುಖವೂ ಕರಗಿತು. ಗೆಳತಿ ನನ್ನ ಕೈ ಹಿಡಿದು, "ಅಯ್ಯೋ, ಮೊದ್ಲೇ ಹೇಳ್ಬಾರ್ದಾ? ನಮ್ಮತ್ತೆಗೂ ಹಿಂಗೇ ಶುರುವಾಗಿದ್ದು ಕಣ್ರೀ" ಎಂದಳು. ನನಗೆ ಆಗ ಆದದ್ದು ಸಂಕಟವಲ್ಲ, ಸಮಾಧಾನ. ಅದನ್ನು ಬರೆಯಲು ಇವತ್ತಿಗೂ ಕೈ ಹಿಂಜರಿಯುತ್ತದೆ. ತಿರುಗಿ ನೋಡಿದರೆ ಅಮ್ಮ ನೀರಿನ ಕಡೆ ಮುಖ ಮಾಡಿ ನಿಂತಿದ್ದಳು. ನಾಲ್ಕು ಹೆಜ್ಜೆ ಎಂದೆನಲ್ಲ, ಅಮ್ಮನ ಕಿವಿ ಚುರುಕು.

ಅಲ್ಲಿಂದ ಮುಂದೆ ಅಮ್ಮನಿಗೆ ಸಿಕ್ಕ ಉಪಚಾರ ಹೇಳತೀರದು. ಹಿರಿಯರು ಕಾರಿನ ಮುಂದಿನ ಸೀಟು ಬಿಟ್ಟುಕೊಟ್ಟರು. ಗೆಳತಿ ತೋಳು ಹಿಡಿದು ನಡೆಸಿದಳು, ಪ್ರತಿ ಮಾತನ್ನೂ ಎರಡೆರಡು ಸಲ ಗಟ್ಟಿಯಾಗಿ ಹೇಳಿದಳು. "ಅಮ್ಮಾ, ಇದು ಬಾತು. ಬಾ... ತು. ಗೊತ್ತಾಯ್ತಾ?" ಅಮ್ಮ, "ಓ, ಬಾತಾ?" ಎಂದಳು. ಅಷ್ಟೇ. ಬಾತಿನ ರುಚಿಯ ಬಗ್ಗೆ ಒಂದು ಮಾತಿಲ್ಲ.

ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ತಿಂಡಿಗೆ ನಿಂತೆವು. ಗೆಳತಿ ಇಡ್ಲಿಯನ್ನು ಚೂರು ಮಾಡಿ ಚಟ್ನಿ ಕಲಸಿ ಅಮ್ಮನ ಮುಂದಿಟ್ಟಳು. ಊರಿನ ಮದುವೆಗಳಲ್ಲಿ ಅಡುಗೆಯವರನ್ನೇ ನಿಲ್ಲಿಸಿ ಬೈಯುತ್ತಿದ್ದ ಅಮ್ಮ ತಲೆ ತಗ್ಗಿಸಿ ಅದನ್ನು ತಿಂದಳು. ಕೈ ತೊಳೆದು ಬಂದ ಮೇಲೆ ಹಿರಿಯರು ಪರೀಕ್ಷೆ ಮಾಡುವವರಂತೆ ನಗುತ್ತ, "ಅಮ್ಮ, ಈಗ ಏನ್ ತಿಂಡಿ ತಿಂದ್ರಿ?" ಎಂದು ಕೇಳಿದರು.

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. "ಗೊತ್ತಾಗಕಿಲ್ಲ ಸ್ವಾಮಿ" ಎಂದಳು.

ಆಡಿದ ಸುಳ್ಳು ನಿಜವೇ ಆಗಿಬಿಟ್ಟಿತೇ ಎಂದು ಒಂದು ಕ್ಷಣ ಹೆದರಿದೆ. ಅಮ್ಮ ಲೋಟ ಎತ್ತುತ್ತ ನನ್ನತ್ತ ಒಮ್ಮೆ ನೋಡಿದಳು. ನಮ್ಮನೆಗೆ ಸಾಲ ಕೊಟ್ಟವರು ಬಂದಾಗ, ಅಪ್ಪ ಒಳಗಿದ್ದರೂ ಮನೆಯಲ್ಲಿಲ್ಲ ಎಂದು ಹೇಳಿ ಕಳಿಸುವಾಗ ನೋಡುತ್ತಿದ್ದಳಲ್ಲ, ಅದೇ ನೋಟ. ಆಗ ತಿಳಿಯಿತು. ಮಗಳ ಮಾತು ಬೀಳಬಾರದೆಂದು ಅಮ್ಮ ಮರೆಯುತ್ತಿದ್ದಳು.

ಆಗಲೇ ಬಾಯಿ ಬಿಡಬೇಕಿತ್ತು. "ಅಮ್ಮನಿಗೆ ಏನೂ ಆಗಿಲ್ಲ, ಅವಳು ಹೇಳಿದ್ದೆಲ್ಲ ನಿಜ" ಎಂದರೆ ಏನಾಗುತ್ತಿತ್ತು? ಬಹಳವೆಂದರೆ ಆ ಗುಂಪು ನನ್ನನ್ನು ಮತ್ತೆ ಕರೆಯುತ್ತಿರಲಿಲ್ಲ. ಅಷ್ಟಕ್ಕೇ ಹೆದರಿದೆ. ಕಾಫಿ ಕುಡಿದು ಎದ್ದೆ.

ಮಧ್ಯಾಹ್ನ ಇನ್ನೊಂದು ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಿಕ್ಕವು. ಹಿಮಾಲಯ ದಾಟಿ ಬರುವ ಆ ಹಕ್ಕಿಗಳಿಗಾಗಿ ನಾನು ಎರಡು ಚಳಿಗಾಲ ಕಾದಿದ್ದೆ. ಉಳಿದಿಬ್ಬರು ಮಕ್ಕಳಂತೆ ಕುಣಿದರು. ನನ್ನ ಕಣ್ಣು ಅಮ್ಮನ ಮೇಲಿತ್ತು. ಅವಳು ಏನಾದರೂ ಹೇಳಲಿ, ಇದನ್ನು ಹೇಗೆ ಹುರಿಯುತ್ತಿದ್ದರು ಅಂತಲಾದರೂ ಬಾಯ್ತುಂಬ ಹೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಮ್ಮ ಶಾಲನ್ನು ಬಿಗಿಯಾಗಿ ಹೊದ್ದು ಕಲ್ಲಿನ ಮೇಲೆ ಕೂತಿದ್ದಳು. ಕೇಳಿದ್ದಕ್ಕೆಲ್ಲ "ಚೆನ್ನಾಗೈತೆ" ಎನ್ನುತ್ತಿದ್ದಳು.

ವಾಪಸು ಬರುವಾಗ ಹೆಬ್ಬಾಳದ ಮೇಲ್ಸೇತುವೆಯ ಹತ್ತಿರ ವಾಹನಗಳು ಎಂದಿನಂತೆ ಸಿಕ್ಕಿಕೊಂಡಿದ್ದವು. ಬಲಕ್ಕೆ ಕೆರೆ. ಅಮ್ಮ ಹುಟ್ಟಿದ್ದು ಅದರ ದಂಡೆಯ ಹಳ್ಳಿಯಲ್ಲಿ. ಎಮ್ಮೆ ಮೇಯಿಸಿದ್ದು, ಬಟ್ಟೆ ಒಗೆದದ್ದು, ಮದುವೆಯ ಹೆಣ್ಣಾಗಿ ಗಂಗೆಪೂಜೆ ಮಾಡಿದ್ದು ಅದೇ ನೀರಿನಲ್ಲಿ. ಆ ದಾರಿಯಲ್ಲಿ ಹೋದಾಗಲೆಲ್ಲ, ಇಲ್ಲಿ ನಮ್ಮ ಹೊಲ ಇತ್ತು, ಅಲ್ಲಿ ಹುಣಸೆಮರ ಇತ್ತು ಎಂದು ಆಟೋದವರಿಗೂ ಬಿಡದೆ ಹೇಳುವವಳು.

ಗೆಳತಿ ಸ್ಟೀರಿಂಗಿನಿಂದ ಒಂದು ಕೈ ತೆಗೆದು ಅಮ್ಮನ ಮೊಣಕೈ ಮುಟ್ಟಿದಳು. "ಅಮ್ಮಾ, ಈ ಜಾಗ ಗುರುತು ಸಿಗುತ್ತಾ?"

ಅಮ್ಮ ಕೆರೆಯನ್ನು ಬಹಳ ಹೊತ್ತು ನೋಡಿದಳು. "ಇಲ್ಲ ಕಣವ್ವ" ಎಂದಳು. "ಯಾವೂರು ಇದು?"

ಹಿಂದಿನ ಸೀಟಿನಲ್ಲಿ ಹಿರಿಯರು ನಿಟ್ಟುಸಿರು ಬಿಟ್ಟು ನನ್ನ ಭುಜ ತಟ್ಟಿದರು. ನಾನು ಕಿಟಕಿಯ ಕಡೆ ತಿರುಗಿದೆ. ಅವರು ಅದನ್ನು ಮಗಳ ದುಃಖ ಎಂದುಕೊಂಡಿರಬೇಕು.

ಮನೆಯ ಗೇಟಿನ ಬಳಿ ಇಳಿಸಿ, ಒಳ್ಳೆಯ ಡಾಕ್ಟರ ನಂಬರು ಕಳಿಸುತ್ತೇನೆಂದು ಹೇಳಿ ಗೆಳತಿ ಹೊರಟಳು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅಮ್ಮ ನನ್ನ ತೋಳನ್ನು ಆಸರೆಗೆಂಬಂತೆ ಹಿಡಿದೇ ನಿಂತಿದ್ದಳು. ಆಮೇಲೆ ಬಿಟ್ಟಳು. ಸೆರಗು ಕೊಡವಿಕೊಂಡು, ದನಿ ತಗ್ಗಿಸಿ ಕೇಳಿದಳು:

"ಸರಿಯಾಗಿ ಏಳಿದ್ನೇನೇ? ಅವ್ರಿಗೆ ಗುಮಾನಿ ಬರ್ಲಿಲ್ಲ ತಾನೆ?"

"ಇಲ್ಲಮ್ಮ" ಎಂದೆ.

"ಸದ್ಯ" ಎಂದು ಅಮ್ಮ ಗೇಟು ತೆರೆದು ಒಳಗೆ ಹೋದಳು.