ಟಿವಿಯ ಬಾಯಿ ಕಟ್ಟಿದ ಸಂಜೆ

ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನಿದ್ದ ಪಿಜಿಯಲ್ಲಿ ಊಟದ ಹಾಲಿಗೆ ಒಂದೇ ಟಿವಿ. ಮೊದಲ ಪಾಳಿ ಮುಗಿಸಿ ಬಂದು ಸಂಜೆ ಕಬಡ್ಡಿ ಹಾಕಿಕೊಂಡು ಕೂರುತ್ತಿದ್ದೆ. ಕೂರುತ್ತಿದ್ದೆ ಎನ್ನುವುದು ಸುಳ್ಳು. ಗದಗದ ಹೈಸ್ಕೂಲಿನಲ್ಲಿ ಮೂರು ವರ್ಷ ಎಡಮೂಲೆ ಕಾದವಳು ನಾನು. ಪರದೆಯ ಮೇಲೆ ಯಾರು ರೈಡಿಗೆ ಇಳಿದರೂ ಎದ್ದು ನಿಂತುಬಿಡುತ್ತಿದ್ದೆ.

ಅಂದು ಹೆಂಗಸರ ಫೈನಲ್, ನಮ್ಮ ರಾಜ್ಯದ ತಂಡವಿತ್ತು. ಕಮೆಂಟರಿಗೆ ಕೂತ ಇಬ್ಬರಿಗೆ ಆಟವೊಂದು ಬಿಟ್ಟು ಮಿಕ್ಕದ್ದೆಲ್ಲ ಬೇಕಾಗಿತ್ತು. ನಮ್ಮ ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದಾಗ ಒಬ್ಬ ಅವಳ ಜಡೆಯ ಉದ್ದ ವರ್ಣಿಸುತ್ತಿದ್ದ. "ಮನೇಲಿ ಅಡುಗೆನೂ ಇಷ್ಟೇ ಸ್ಪೀಡಾಗಿ ಮಾಡ್ತಾರಾ ಇವ್ರು?" ಎಂದು ಇನ್ನೊಬ್ಬ ನಕ್ಕ. ಅಷ್ಟರಲ್ಲಿ ಅವಳು ಸಿಕ್ಕಿಬಿದ್ದಿದ್ದಳು. ಯಾರು ಹಿಡಿದರು, ಹೇಗೆ ಹಿಡಿದರು, ಒಂದು ಮಾತಿಲ್ಲ. ರಿಮೋಟ್ ಎತ್ತಿ ದನಿ ಪೂರ್ತಿ ನಿಲ್ಲಿಸಿದೆ.

ಪಿಜಿ ನಡೆಸುವ ಆಂಟಿ ಅಡುಗೆಮನೆಯಿಂದ ಕೂಗಿದರು. "ಯಾಕಮ್ಮಾ, ಟಿವಿ ಕೆಟ್ಟೋಯ್ತಾ?"

"ಇಲ್ರೀ ಆಂಟಿ, ನಾನೇ ಬಂದ್ ಮಾಡೀನಿ. ಬರೀ ತಲಿ ತಿಂತಾರ."

"ನಂಗೆ ಬಂದು ನೋಡಕ್ಕೆ ಎಲ್ಲಮ್ಮಾ ಪುರ್ಸೊತ್ತು? ಅವ್ರು ಕೂಗಿದ್ರೇನೇ ನಂಗೆ ಆಟ ಗೊತ್ತಾಗೋದು. ನೀನು ಇಂಗೆ ಮಾಡಿದ್ರೆ ಎಂಗೆ?"

ಇಪ್ಪತ್ತು ಜನಕ್ಕೆ ಚಪಾತಿ ಲಟ್ಟಿಸುತ್ತ ಆಕೆಯೂ ಆಟ ಕೇಳುತ್ತಿದ್ದರೆಂಬುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ನಾಚಿಕೆಯಾಯಿತು. ಆದರೂ ಆ ಇಬ್ಬರಿಗೆ ಮತ್ತೆ ದನಿ ಕೊಡಲು ಮನಸ್ಸಾಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಅತ್ತ ಟಿವಿ ಇತ್ತ ಆಂಟಿಯನ್ನು ನೋಡುತ್ತ ನಾನೇ ಹೇಳತೊಡಗಿದೆ. ನಮ್ಮ ಎಡಮೂಲೆಯವಳು ಅವಸರಪಟ್ಟಳು, ಕಾಲಿಗಲ್ಲ ಸೊಂಟಕ್ಕೆ ಹೋಗಬೇಕಿತ್ತು, ತಾಲೂಕು ಪಂದ್ಯದಲ್ಲಿ ನಾನೂ ಹೀಗೇ ನುಗ್ಗಿ ಮೊಣಕಾಲು ಕೆಡಿಸಿಕೊಂಡೆ, ಆಮೇಲೆ ಅಪ್ಪ ಆಡಲು ಬಿಡಲಿಲ್ಲ...

"ಅಯ್ಯೋ, ಪಾಯಿಂಟ್ ಯಾರ್ಗೆ ಬಂತು? ಅದನ್ನೇಳು ಮೊದ್ಲು!"

ತಿರುಗಿ ನೋಡಿದರೆ ಆಗಲೇ ಮುಂದಿನ ರೈಡ್ ಶುರುವಾಗಿತ್ತು. ಪಾಯಿಂಟ್ ಯಾರಿಗೆಂದು ನಾನೂ ನೋಡಿರಲಿಲ್ಲ.

ಆಂಟಿ ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಬಂದು ಬೆಂಚಿನ ಮೇಲೆ ಕೂತರು. ಕೊನೆಯ ಐದು ನಿಮಿಷ ದನಿಯಿಲ್ಲದ ಆಟವನ್ನೇ ಇಬ್ಬರೂ ನೋಡಿದೆವು. ಅವರು ಕೂತೇ ಇದ್ದರು. ನಾನು ಟಿವಿಗೂ ಬಾಗಿಲಿಗೂ ಓಡಾಡಿದೆ. ಒಂದು ಪಾಯಿಂಟಿನಿಂದ ನಮ್ಮವರು ಸೋತರು.

ಅಷ್ಟರಲ್ಲಿ ಪಿಜಿಯ ಗಾರ್ಮೆಂಟ್ಸ್ ಹುಡುಗಿಯರು ಕೆಲಸ ಮುಗಿಸಿ ಬಂದು ತಟ್ಟೆ ಹಿಡಿದು ನಿಂತಿದ್ದರು. "ಊಟ ಆಗಿಲ್ವಾ ಆಂಟಿ?"

"ಸೋತೋದ್ವಿ ಕಣ್ರಮ್ಮಾ. ವಸಿ ತಡೀರಿ," ಎಂದು ಆಂಟಿ ಒಲೆ ಹಚ್ಚಿದರು.

ಮಿಕ್ಕ ಹಿಟ್ಟನ್ನು ನಾನು ಲಟ್ಟಿಸಿದೆ. ಒಂದೂ ದುಂಡಗಾಗಲಿಲ್ಲ.